ಫ್ರಿಜ್‌ನಿಂದ ಕಾಣೆಯಾದ ಡಬ್ಬಿ: ಒಂದು ಕಚೇರಿಯ ಪ್ರಕರಣ

ನಮ್ಮ ಕಚೇರಿಯ ಪ್ಯಾಂಟ್ರಿಯಲ್ಲಿ ಇರುವುದು ಒಂದೇ ಫ್ರಿಜ್. ಬಳಸುವವರು ಸುಮಾರು 60 ಜನ. ನಾನು ಆಡಳಿತ ವಿಭಾಗದಲ್ಲಿದ್ದೇನೆ. ಕುರ್ಚಿಯ ಕಾಲು ಮುರಿದರೆ, ಬಲ್ಬ್ ಹೋದರೆ, ನಲ್ಲಿ ಸೋರಿದರೆ ಜನ ನನ್ನ ಹತ್ತಿರ ಬರುತ್ತಾರೆ. ಹಾಗಾಗಿ ಫ್ರಿಜ್‌ನಲ್ಲಿಟ್ಟ ಊಟ ಕಾಣೆಯಾಗುತ್ತಿದೆ ಅನ್ನುವ ದೂರೂ ನನ್ನ ಮೇಜಿಗೇ ಬಂತು. ಮೊದಲ ಐದಾರು ತಿಂಗಳು ನಾನು ಅದನ್ನು ತಲೆಗೆ ಹಾಕಿಕೊಳ್ಳಲೇ ಇಲ್ಲ. ಒಂದು ಲೋಟ ಹಾಲು, ಒಂದು ಬಾಟಲಿ ಜ್ಯೂಸ್, ಇದಕ್ಕೆಲ್ಲ ವಿಚಾರಣೆ ಏನು ಮಾಡೋದು ಅಂದುಕೊಂಡಿದ್ದೆ. ಹಾಗೆ ಅಂದುಕೊಂಡಿದ್ದು ತಪ್ಪು. ಆ ತಪ್ಪಿನಿಂದ ಒಬ್ಬರ ಆರೋಗ್ಯಕ್ಕೆ ಕುತ್ತು ಬರುವ ಹಾಗಾಯಿತು, ಇನ್ನೊಬ್ಬರ ಮಾನಕ್ಕೆ ಪೆಟ್ಟು ಬಿತ್ತು. ನಡೆದದ್ದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಹೆಸರುಗಳನ್ನು ಮಾತ್ರ ಬಿಟ್ಟಿದ್ದೇನೆ.

ಶುರುವಾಗಿದ್ದು ಹಾಲಿನಿಂದ

ವಿನ್ಯಾಸ ವಿಭಾಗದ ಒಬ್ಬರು ತಮ್ಮ ಕಾಫಿಗೆ ತಾವೇ ಹಾಲು ತಂದು ಇಟ್ಟುಕೊಳ್ಳುತ್ತಿದ್ದರು. ದಿನಾ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿತ್ತು. ಮೊದಲು ತಮಗೇ ಲೆಕ್ಕ ತಪ್ಪಿರಬೇಕು ಅಂದುಕೊಂಡರಂತೆ. ಒಂದು ಸೋಮವಾರ ಬಾಟಲಿಯ ಮೇಲೆ ಹಾಲಿನ ಮಟ್ಟಕ್ಕೆ ಸರಿಯಾಗಿ ನೀಲಿ ಪೆನ್ನಿನಲ್ಲಿ ಗೆರೆ ಎಳೆದರು. ಮಂಗಳವಾರ ಬೆಳಿಗ್ಗೆ ಆ ಬಾಟಲಿಯನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಹಾಲು ಗೆರೆಗಿಂತ ಎರಡು ಬೆರಳು ಕೆಳಗಿತ್ತು. ಅವರು ಒಂದು ಮಾತೂ ಆಡಲಿಲ್ಲ. ನಾನು "ನೋಡೋಣ" ಅಂದೆ, ಅಷ್ಟೆ.

ಆಮೇಲೆ ದೂರುಗಳು ಒಂದರ ಹಿಂದೆ ಒಂದು ಬಂದವು. ಮೊಸರಿನ ಕಪ್ಪು ಅರ್ಧ ಖಾಲಿಯಾಗಿ, ಚಮಚ ಅದರೊಳಗೇ ಉಳಿದಿತ್ತು. ಸಂಜೆಗೆ ಅಂತ ಇಟ್ಟ ಹಣ್ಣಿನ ಡಬ್ಬಿ ಇರಲಿಲ್ಲ. ಹುಟ್ಟುಹಬ್ಬಕ್ಕೆ ತಂದ ಕೇಕ್ ಕತ್ತರಿಸುವ ಮೊದಲೇ ಒಂದು ಮೂಲೆ ಹೋಗಿತ್ತು. ಎಲ್ಲರೂ ಮಾಡುವ ಹಾಗೆ ನಾನೂ ಒಂದು ನೋಟೀಸ್ ಅಂಟಿಸಿದೆ. "ಫ್ರಿಜ್‌ನಲ್ಲಿ ದಿನಾ ಕಳ್ಳತನ ಆಗುತ್ತಿದೆ. ಬೇರೆಯವರ ವಸ್ತು ಮುಟ್ಟಬೇಡಿ." ವಾರದೊಳಗೆ ಅದರ ಕೆಳಗೆ ಯಾರೋ ಇನ್ನೊಂದು ಅಂಟಿಸಿದರು, ಇನ್ನೂ ಖಾರವಾದದ್ದು. ತಿಂಗಳಾಗುವಷ್ಟರಲ್ಲಿ ನಾಲ್ಕು ನೋಟೀಸ್ ಆಗಿದ್ದವು. ಕಾಣೆಯಾಗುವುದು ಮಾತ್ರ ನಿಲ್ಲಲಿಲ್ಲ.

ನೋಟೀಸಿನ ಮಾತುಗಳಲ್ಲೇ ತಪ್ಪಿತ್ತು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಅಮೆರಿಕದ ಅರಿಜೋನಾದಲ್ಲಿ ಕಲ್ಲಾಗಿ ಹೋದ ಹಳೆಯ ಮರದ ತುಂಡುಗಳಿರುವ ಒಂದು ರಾಷ್ಟ್ರೀಯ ಉದ್ಯಾನ ಇದೆ. ನೋಡಲು ಬಂದವರು ಆ ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ರಾಬರ್ಟ್ ಚಾಲ್ಡೀನಿ ಅನ್ನುವ ಮನೋವಿಜ್ಞಾನಿ ಮತ್ತು ಅವರ ಜೊತೆಯವರು ಅಲ್ಲಿ ಬೇರೆ ಬೇರೆ ಫಲಕಗಳನ್ನು ಇಟ್ಟು ನೋಡಿದರು. "ಹಿಂದೆ ಬಂದವರು ಬಹಳ ಜನ ತೆಗೆದುಕೊಂಡು ಹೋಗಿದ್ದಾರೆ" ಅಂತ ಬರೆದ ಜಾಗದಲ್ಲಿ ಗುರುತು ಹಾಕಿಟ್ಟ ತುಂಡುಗಳಲ್ಲಿ ಸುಮಾರು 8% ಮಾಯವಾದವು. "ದಯವಿಟ್ಟು ತೆಗೆಯಬೇಡಿ" ಅಂತ ಮಾತ್ರ ಬರೆದ ಜಾಗದಲ್ಲಿ 2%ಗಿಂತ ಕಡಿಮೆ. ಎಲ್ಲರೂ ಮಾಡುತ್ತಿದ್ದಾರೆ ಅಂತ ಹೇಳಿದರೆ, ಮಾಡಬಹುದು ಅಂತ ಕೇಳಿಸುತ್ತದೆ. ನನ್ನ "ದಿನಾ ಕಳ್ಳತನ" ಅನ್ನುವ ಮಾತು ಅದನ್ನೇ ಮಾಡಿತ್ತು.

ಆ ಮಧ್ಯಾಹ್ನ

ಲೆಕ್ಕಪತ್ರ ವಿಭಾಗದಲ್ಲಿ ಒಬ್ಬ ಹಿರಿಯರಿದ್ದಾರೆ. ಎಲ್ಲರೂ ಸರ್ ಅಂತಲೇ ಕರೆಯುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಬೇಗ ಕೆಲಸ ಮಾಡುವ ಬಗೆಯ ಇನ್ಸುಲಿನ್ ಸುಮಾರು 15 ನಿಮಿಷದಲ್ಲಿ ರಕ್ತದ ಸಕ್ಕರೆಯನ್ನು ಇಳಿಸಲು ಶುರು ಮಾಡುತ್ತದೆ. ಒಂದು ಗಂಟೆಯ ಹೊತ್ತಿಗೆ ಅದರ ಪ್ರಭಾವ ಜೋರಾಗಿರುತ್ತದೆ. ಅಂದರೆ ಚುಚ್ಚಿಕೊಂಡ ಮೇಲೆ ಊಟ ಮಾಡಲೇಬೇಕು. ಅದನ್ನು ಮುಂದೂಡುವ ಹಾಗಿಲ್ಲ.

ಅವತ್ತು ಅವರು ಎಂದಿನಂತೆ ಸೂಜಿ ಚುಚ್ಚಿಕೊಂಡು ಪ್ಯಾಂಟ್ರಿಗೆ ಬಂದರು. ಡಬ್ಬಿ ಇರಲಿಲ್ಲ. ಮೇಲಿನ ತಟ್ಟೆ ನೋಡಿದರು, ಕೆಳಗಿನದು ನೋಡಿದರು, ಬಾಗಿಲಿನ ಕಪಾಟು ನೋಡಿದರು. ಬೇರೆಯವರ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ ಹಿಂದೆ ಕೈಹಾಕಿ ನೋಡಿದರು. ಪ್ಯಾಂಟ್ರಿಯಲ್ಲಿ ನಾಲ್ಕೈದು ಜನ ಊಟ ಮಾಡುತ್ತಿದ್ದರು. ಅವರನ್ನು ಕೇಳಲು ಸಂಕೋಚ. ಹೊರಗೆ ಹೋಗಿ ಏನಾದರೂ ತಿಂದು ಬರೋಣ ಅಂತ ಲಿಫ್ಟಿನ ಹತ್ತಿರ ಹೋದರು. ಊಟದ ಹೊತ್ತು, ಲಿಫ್ಟಿಗೆ ಸಾಲು. ಅಲ್ಲಿ ನಿಂತಿದ್ದಾಗಲೇ ಬೆವರು ಶುರುವಾಯಿತು.

ನಾನು ನೋಡಿದಾಗ ಅವರು ಗೋಡೆಗೆ ಒರಗಿಕೊಂಡಿದ್ದರು. ಅಂಗಿಯ ಬೆನ್ನು ಪೂರ್ತಿ ಒದ್ದೆ. ಕೈಯಲ್ಲಿದ್ದ ಮೊಬೈಲ್ ನಡುಗುತ್ತಿತ್ತು. "ಸರ್, ಏನಾಯ್ತು?" ಅಂದರೆ "ಊಟ... ಊಟ ಇಲ್ಲ" ಅಂತ ಎರಡು ಸಲ ಹೇಳಿದರು. ಕೂರಿಸಿದೆವು. ಅವರ ಮೇಜಿನಿಂದ ಸಕ್ಕರೆ ಅಳೆಯುವ ಯಂತ್ರ ತಂದು ನೋಡಿದರೆ 58. ಅದು 70ಕ್ಕಿಂತ ಕೆಳಗೆ ಇಳಿದರೆ ತಕ್ಷಣ ಸಿಹಿ ಕೊಡಬೇಕು. ಸುಮಾರು 15 ಗ್ರಾಂ ಸಕ್ಕರೆ, ಆಮೇಲೆ 15 ನಿಮಿಷ ಕಾದು ಮತ್ತೆ ಅಳೆಯಬೇಕು. ನೀರಿಗೆ ಸಕ್ಕರೆ ಹಾಕಲು ಹೋದರೆ ಪ್ಯಾಂಟ್ರಿಯಲ್ಲಿ ಒಂದು ಚಮಚವೂ ಸಿಗಲಿಲ್ಲ. ಡಬ್ಬಿಯಿಂದಲೇ ಅಂದಾಜಿನ ಮೇಲೆ ಸುರಿದು, ಪೆನ್ನಿನಿಂದ ಕದಡಿ ಕುಡಿಸಿದೆವು. ಕಾಲು ಗಂಟೆಯಲ್ಲಿ ಅವರ ಕಣ್ಣಿಗೆ ಜೀವ ಬಂತು. ಆಮೇಲೆ ಯಾರೋ ತಮ್ಮ ಊಟದಲ್ಲಿ ಅರ್ಧ ಕೊಟ್ಟರು.

ಸಕ್ಕರೆ ಇನ್ನೂ ಇಳಿದಿದ್ದರೆ ಪ್ರಜ್ಞೆ ತಪ್ಪುವ ಸಾಧ್ಯತೆ ಇತ್ತು. ಒಂದು ಡಬ್ಬಿ ಊಟದ ಬೆಲೆ ಎಷ್ಟು ಅಂತ ಕೇಳುವವರಿಗೆ ನಾನು ಈಗ ಆ ಒದ್ದೆ ಅಂಗಿಯ ಬಗ್ಗೆ ಹೇಳುತ್ತೇನೆ. ಫ್ರಿಜ್‌ನಲ್ಲಿ ಡಬ್ಬಿ ಇಟ್ಟವರು ತಮ್ಮ ಇಡೀ ಮಧ್ಯಾಹ್ನವನ್ನು ಅದರ ಮೇಲೆ ಇಟ್ಟಿರುತ್ತಾರೆ. ಒಬ್ಬರಿಗೆ ಔಷಧಿಯ ಹೊತ್ತು, ಇನ್ನೊಬ್ಬರಿಗೆ ಸಿಗುವುದೇ ಇಪ್ಪತ್ತು ನಿಮಿಷದ ಬಿಡುವು, ಮತ್ತೊಬ್ಬರಿಗೆ ಕೆಲವು ಪದಾರ್ಥ ಒಗ್ಗುವುದಿಲ್ಲ, ಹೊರಗೆ ತಿನ್ನುವ ಹಾಗಿಲ್ಲ. ಡಬ್ಬಿ ತೆಗೆದವರಿಗೆ ಇದು ಯಾವುದೂ ಕಾಣುವುದಿಲ್ಲ.

ಬೆರಳು ತೋರಿಸಿದ್ದು ಯಾರ ಕಡೆಗೆ

ಆ ಸಂಜೆಯೇ ಕಚೇರಿ ಕುದಿಯಲು ಶುರುವಾಯಿತು. ಕ್ಯಾಮೆರಾ ಹಾಕಿ ಅಂದರು ಕೆಲವರು. ಫ್ರಿಜ್‌ಗೆ ಬೀಗ ಹಾಕಿ ಅಂದರು. ಒಬ್ಬರು, ಸಿಟ್ಟಿನಲ್ಲೇ ಇರಬೇಕು, "ಭೇದಿ ಆಗುವ ಔಷಧಿ ಬೆರೆಸಿದ ಡಬ್ಬಿ ಇಡೋಣ, ಕಳ್ಳ ತಾನಾಗೇ ಸಿಕ್ಕಿಬೀಳ್ತಾನೆ" ಅಂದರು. ಇದನ್ನು ಬಹಳ ಕಡೆ ಜನ ತಮಾಷೆಯಾಗಿ ಹೇಳುವುದನ್ನು ಕೇಳಿದ್ದೇನೆ. ನಾನು ಅಲ್ಲೇ ತಡೆದೆ. ಇನ್ನೊಬ್ಬರು ತಿನ್ನಲಿ ಅಂತಲೇ ಊಟಕ್ಕೆ ಏನಾದರೂ ಬೆರೆಸಿದರೆ ಅಪರಾಧಿ ಆಗುವುದು ಬೆರೆಸಿದವರೇ. ತಿಂದವರ ದೇಹಕ್ಕೆ ಯಾವ ಔಷಧಿ ಏನು ಮಾಡುತ್ತದೆ ಅಂತ ನಮಗೆ ಹೇಗೆ ಗೊತ್ತು? ತಪ್ಪಿ ಬೇರೆ ಯಾರೋ ತಿಂದರೆ?

ಆದರೆ ಇನ್ನೊಂದು ಮಾತನ್ನು ನಾನು ತಡೆಯಲಿಲ್ಲ. ಯಾರೋ ಮೆಲ್ಲಗೆ, "ಪ್ಯಾಂಟ್ರಿಯಲ್ಲಿ ಯಾವಾಗಲೂ ಇರೋದು ಯಾರು ಅಂತ ನೋಡಿ" ಅಂದರು. ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹೌಸ್‌ಕೀಪಿಂಗ್ ಅಕ್ಕ ಆಗ ಅಲ್ಲೇ ಲೋಟ ತೊಳೆಯುತ್ತಿದ್ದರು. ನಲ್ಲಿಯ ಸದ್ದು ನಿಂತಿತು. ಅವರು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಮತ್ತೆ ನಲ್ಲಿ ತಿರುಗಿಸಿದರು. ನಾನು ಆಗಲೇ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ.

ಮರುದಿನದಿಂದ ಅವರು ಜನ ಇರುವಾಗ ಫ್ರಿಜ್ ಮುಟ್ಟುವುದನ್ನೇ ಬಿಟ್ಟರು. ಒರೆಸಬೇಕಾದರೆ ಯಾರನ್ನಾದರೂ ಕರೆದು ನಿಲ್ಲಿಸಿಕೊಂಡು ಒರೆಸುತ್ತಿದ್ದರು. ಕಡಿಮೆ ಸಂಬಳದವರ ಮೇಲೆ ಅನುಮಾನ ಎಷ್ಟು ಸಲೀಸಾಗಿ ಹೋಗಿ ಕೂರುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡೆ. ಯಾರ ಹತ್ತಿರವೂ ಒಂದು ಪುರಾವೆ ಇರಲಿಲ್ಲ. ಅವರು ಅಲ್ಲಿರುತ್ತಾರೆ, ಅಷ್ಟೇ ಸಾಕಾಗಿತ್ತು.

ನೋಟ್‌ಬುಕ್

ಒಂದು ಸಭೆ ಕರೆದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಯಾರಾದರೂ ಸಿಗಬಹುದು ಅನ್ನುವ ಆಸೆ ನನಗೂ ಇತ್ತು. ಒಬ್ಬರೂ ಹೆಗಲು ಮುಟ್ಟಿಕೊಳ್ಳಲಿಲ್ಲ. ಅರವತ್ತು ಜನರೂ ನೊಂದವರ ಹಾಗೆಯೇ ಕೂತಿದ್ದರು. ಅವರು ಯಾರೂ ನಟಿಸುತ್ತಿರಲಿಲ್ಲ. ತಾನು ಕಳ್ಳ ಅಂತ ಅಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ. ಇಡೀ ಪ್ರಕರಣದ ಗಂಟು ಇಲ್ಲೇ ಇತ್ತು. ನನಗೆ ಅದು ಅರ್ಥವಾಗಲು ಇನ್ನೂ ನಾಲ್ಕು ವಾರ ಬೇಕಾಯಿತು.

ಕ್ಯಾಮೆರಾ ಬೇಡ ಅಂತ ನಾನು ಹಠ ಹಿಡಿದೆ. ಪ್ಯಾಂಟ್ರಿ ಅಂದರೆ ಜನ ಹತ್ತು ನಿಮಿಷ ಉಸಿರು ಬಿಡುವ ಜಾಗ. ಅಳು ಬಂದರೆ ಅಲ್ಲಿಗೆ ಹೋಗುತ್ತಾರೆ, ಮನೆಗೆ ಫೋನ್ ಮಾಡಲು ಹೋಗುತ್ತಾರೆ. ಅದನ್ನು ಕಾವಲಿನ ಜಾಗ ಮಾಡಲು ನನಗೆ ಮನಸ್ಸು ಬರಲಿಲ್ಲ. ಒಬ್ಬರು ಕಣ್ಣುಗಳ ಚಿತ್ರ ಅಂಟಿಸೋಣ ಅಂದರು. ಆ ಸಲಹೆ ಗಾಳಿಯಲ್ಲಿ ಹುಟ್ಟಿದ್ದಲ್ಲ. 2006ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಮೆಲಿಸ್ಸಾ ಬೇಟ್ಸನ್ ಮತ್ತು ಜೊತೆಯವರು ಇಂಥದ್ದೇ ಒಂದು ಕಾಫಿ ಕೋಣೆಯ ಬಗ್ಗೆ ಪ್ರಬಂಧ ಪ್ರಕಟಿಸಿದ್ದರು. ಅಲ್ಲಿ ಕಾಫಿ, ಟೀ, ಹಾಲಿಗೆ ಜನ ತಾವಾಗೇ ಡಬ್ಬಿಗೆ ದುಡ್ಡು ಹಾಕಬೇಕಿತ್ತು. ದರದ ಪಟ್ಟಿಯ ಮೇಲೆ ಒಂದು ವಾರ ಹೂವಿನ ಚಿತ್ರ, ಇನ್ನೊಂದು ವಾರ ನೋಡುತ್ತಿರುವ ಕಣ್ಣಿನ ಚಿತ್ರ. ಕಣ್ಣಿನ ವಾರಗಳಲ್ಲಿ ಬಳಕೆಯಾದ ಹಾಲಿನ ಲೆಕ್ಕಕ್ಕೆ ಹೋಲಿಸಿದರೆ ಸುಮಾರು ಮೂರು ಪಟ್ಟು ಜಾಸ್ತಿ ದುಡ್ಡು ಬಿತ್ತು. ಆದರೆ 2017ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಕಣ್ಣಿನ ಚಿತ್ರದಿಂದ ಜನರ ಉದಾರತನ ಹೆಚ್ಚಿದ್ದು ಕಾಣಲಿಲ್ಲ. ನನಗೂ ಅದು ಬೇಡ ಅನ್ನಿಸಿತು. ಏನು ನಡೆಯುತ್ತಿದೆ ಅಂತಲೇ ಗೊತ್ತಿಲ್ಲದೆ ಗೋಡೆಗೆ ಕಣ್ಣು ಅಂಟಿಸಿ ಏನು ಪ್ರಯೋಜನ?

ಹಾಗಾಗಿ ನಾಲ್ಕೂ ನೋಟೀಸ್ ಕಿತ್ತು ಹಾಕಿ, ಫ್ರಿಜ್ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಏನಾದರೂ ಕಾಣೆಯಾದರೆ ಬರೆಯಿರಿ: ಏನು, ಯಾವ ತಟ್ಟೆಯಲ್ಲಿತ್ತು, ಯಾವಾಗ ಇಟ್ಟಿರಿ, ಯಾವಾಗ ಗೊತ್ತಾಯಿತು, ಹೆಸರು ಬರೆದಿತ್ತಾ. ಅನುಮಾನ ಯಾರ ಮೇಲೆ ಅಂತ ಬರೆಯಲು ಜಾಗ ಕೊಡಲಿಲ್ಲ. ನಾಲ್ಕು ವಾರದಲ್ಲಿ 27 ದೂರು ದಾಖಲಾದವು.

27 ದೂರು, ಐದು ಕಾರಣ

ಅವುಗಳಲ್ಲಿ 11 ಹಾಲಿನದ್ದು. ಸುಮ್ನೆ ಮಾತಾಡುವ ಹಾಗೆ ಜನರನ್ನು ಕೇಳುತ್ತಾ ಹೋದೆ. ಹತ್ತಾರು ಜನ "ಒಂದು ಚೂರು ಹಾಕ್ಕೊಂಡಿದ್ದೆ" ಅಂದರು, ಮುಚ್ಚುಮರೆ ಇಲ್ಲದೆ. ಅವರ ಪ್ರಕಾರ ಹಾಲು ಎಲ್ಲರದ್ದು. ಯಾರೋ ತರಿಸುತ್ತಾರೆ ಅಂದುಕೊಂಡಿದ್ದರು. ಒಬ್ಬೊಬ್ಬರು ಒಂದು ಚಮಚ ಹಾಕಿಕೊಂಡರೂ ಬಾಟಲಿ ಇಟ್ಟವರಿಗೆ ಮೂರನೇ ದಿನ ಖಾಲಿ.

ಇನ್ನು 4 ದೂರು ಸಭೆಗಳಿಗೆ ತರಿಸಿದ ತಿಂಡಿಯ ಗೊಂದಲ. ಸಭೆ ಮುಗಿದ ಮೇಲೆ ಉಳಿದದ್ದನ್ನು ಫ್ರಿಜ್‌ನಲ್ಲಿ ಇಟ್ಟು "ಯಾರು ಬೇಕಾದರೂ ತಿನ್ನಿ" ಅನ್ನುವುದು ನಮ್ಮಲ್ಲಿ ರೂಢಿ. ಅದೇ ಥರದ ಕಾಗದದ ಪೆಟ್ಟಿಗೆಯಲ್ಲಿ ಯಾರಾದರೂ ತಮ್ಮದನ್ನು ಇಟ್ಟರೆ ಅದೂ ಹೋಗುತ್ತಿತ್ತು. 3 ವಸ್ತುಗಳು ಶುಕ್ರವಾರ ಫ್ರಿಜ್ ತೊಳೆಯುವಾಗ ಕಸಕ್ಕೆ ಹೋಗಿದ್ದವು. ಹೆಸರಿಲ್ಲ, ತಾರೀಕಿಲ್ಲ, ವಾಸನೆ ಬರುತ್ತಿತ್ತು. ಉಳಿದ ಊಟವನ್ನು 5 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿ ಇಟ್ಟರೂ ಮೂರ್ನಾಲ್ಕು ದಿನಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ. ಅದನ್ನು ಎಸೆಯದೆ ಬೇರೆ ದಾರಿ ಇರಲಿಲ್ಲ. ಆದರೆ ಎಸೆದಿದ್ದೇವೆ ಅಂತ ಯಾರಿಗೂ ಹೇಳಿರಲಿಲ್ಲ.

ಮತ್ತೆ 3 ಡಬ್ಬಿಗಳು ಬರೀ ಅದಲುಬದಲು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದಿನ ವರ್ಷ ಸಂಸ್ಥೆಯ ಕಡೆಯಿಂದ ಎಲ್ಲರಿಗೂ ಒಂದೊಂದು ಊಟದ ಡಬ್ಬಿ ಉಡುಗೊರೆ ಕೊಟ್ಟಿದ್ದೆವು. ನೀಲಿ ಮುಚ್ಚಳ, ಒಂದೇ ಅಳತೆ, ಮೇಲೆ ಸಂಸ್ಥೆಯ ಗುರುತು. ಆರಿಸಿ ತರಿಸಿದ್ದು ನಾನೇ. ಒಂದು ದಿನ ಫ್ರಿಜ್ ತೆರೆದು ಎಣಿಸಿದೆ. 14 ನೀಲಿ ಮುಚ್ಚಳ. ಒಂದು ಡಬ್ಬಿಗೂ ಇನ್ನೊಂದಕ್ಕೂ ಒಂದು ಕೂದಲೆಳೆಯ ವ್ಯತ್ಯಾಸ ಇರಲಿಲ್ಲ.

ಸರ್ ಅವರ ಡಬ್ಬಿಯೂ ನೀಲಿ ಮುಚ್ಚಳದ್ದೇ.

ಅದು ಹೊಳೆದ ದಿನ ನಾನು ಅಕ್ಕನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡೆ. ಮೊದಲು ಕ್ಷಮೆ ಕೇಳಿದೆ. ಅವತ್ತು ಸುಮ್ಮನೆ ನಿಂತಿದ್ದಕ್ಕೆ. ಅವರು ತುಂಬಾ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತಿದ್ದರು. ಆಮೇಲೆ ಹೇಳಿದರು. "ಮೇಡಂ, ಆ ಡಬ್ಬಿ ಅವತ್ತು ಸಾಯಂಕಾಲ ನನಗೆ ಸಿಕ್ತು. ಕೆಳಗೆ ತರಕಾರಿ ಡ್ರಾಯರ್ ಇದೆಯಲ್ಲ, ಅದರೊಳಗೆ ಇತ್ತು. ಊಟ ಹಾಗೇ ಇತ್ತು, ಯಾರೂ ತಿಂದಿರಲಿಲ್ಲ. ನಾನು ತಂದುಕೊಟ್ರೆ ನಾನೇ ಬಚ್ಚಿಟ್ಟಿದ್ದೆ ಅಂತಾರೆ ಅಂತ ತೊಳೆದು ಸರ್ ಮೇಜಿನ ಕೆಳಗೆ ಇಟ್ಟುಬಿಟ್ಟೆ." ಸ್ವಲ್ಪ ತಡೆದು, "ನಾನು ಆ ಫ್ರಿಜ್‌ನಲ್ಲಿ ಒಂದು ನೀರಿನ ಬಾಟಲಿನೂ ಇಟ್ಟವಳಲ್ಲ" ಅಂದರು. ಅವರ ಊಟದ ಚೀಲ ಇರುತ್ತಿದ್ದದ್ದು ಪೊರಕೆ, ಫಿನಾಯಿಲ್ ಇಡುವ ಕಪಾಟಿನಲ್ಲಿ. ನನಗೆ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಡ್ರಾಯರ್‌ಗೆ ಹಾಕಿದವರೂ ಸಿಕ್ಕರು. ನೀಲಿ ಮುಚ್ಚಳದ ಗೊಂದಲದ ಬಗ್ಗೆ ಎಲ್ಲರಿಗೂ ತಿಳಿಸಿದ ಮರುದಿನ ಇನ್ನೊಂದು ವಿಭಾಗದ ಒಬ್ಬರು ಬಂದು ಬಾಗಿಲು ಹಾಕಿಕೊಂಡರು. ಅವತ್ತು ತಮ್ಮದೇ ಅಂದುಕೊಂಡು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ತಮ್ಮದಲ್ಲ. ಅಷ್ಟರಲ್ಲಿ ಯಾರೋ ಒಳಗೆ ಬಂದರು. ಬೇರೆಯವರ ಡಬ್ಬಿ ಬಿಚ್ಚಿ ನಿಂತಿದ್ದು ಕಂಡರೆ ತಪ್ಪು ತಿಳಿಯುತ್ತಾರೆ ಅನ್ನುವ ಗಾಬರಿಯಲ್ಲಿ ಮುಚ್ಚಿ, ಕೈಗೆ ಸಿಕ್ಕಿದ ಡ್ರಾಯರ್‌ಗೆ ತುರುಕಿದರು. ಅರ್ಧ ಗಂಟೆ ಬಿಟ್ಟು ಲಿಫ್ಟಿನ ಹತ್ತಿರ ಗಲಾಟೆ ಕೇಳಿದಾಗ ಬಾಯಿ ಬಿಡಲು ಧೈರ್ಯ ಬರಲಿಲ್ಲ. ಹೇಳುತ್ತಾ ಅತ್ತರು. ಗೋಡೆಯ ಮೇಲಿನ ಆ ನಾಲ್ಕು ನೋಟೀಸ್ ಇಲ್ಲದಿದ್ದರೆ ಅವರು "ಅಯ್ಯೋ, ಇದು ಯಾರದ್ದು?" ಅಂತ ಕೂಗಿ ಕೇಳುತ್ತಿದ್ದರು ಅನ್ನುವುದು ನನ್ನ ನಂಬಿಕೆ.

ನಮ್ಮ ಕಚೇರಿಯಲ್ಲಿ ಅತಿ ದೊಡ್ಡ ಅನಾಹುತ ಆಗಲಿದ್ದ ಆ ದಿನ ಕಳ್ಳತನವೇ ಆಗಿರಲಿಲ್ಲ.

ತೊಳೆದಿಟ್ಟ ಡಬ್ಬಿಗಳು

ಉಳಿದದ್ದು 6. ಇವು ನಿಜವಾಗಿ ತಿಂದದ್ದು. ಆರರಲ್ಲಿ ಮೂರು ಕಡೆ ಡಬ್ಬಿಯ ಯಜಮಾನರು ಒಂದೇ ಮಾತು ಬರೆದಿದ್ದರು: ಡಬ್ಬಿ ಖಾಲಿ, ಆದರೆ ತೊಳೆದು ಒರೆಸಿ ಇದ್ದ ಜಾಗದಲ್ಲೇ ಇಟ್ಟಿದ್ದಾರೆ. ಆರೂ ದಿನಗಳಲ್ಲಿ ಗೊತ್ತಾಗಿದ್ದು ಬೆಳಿಗ್ಗೆ. ಆರೂ ಹಿಂದಿನ ರಾತ್ರಿ ತಡವಾಗಿ ಕೆಲಸ ಮಾಡುವ ತಂಡ ಇದ್ದ ದಿನಗಳು.

ಆ ತಂಡದ ಹತ್ತಿರ ಹೋಗಿ ಯಾರು ತಿಂದಿರಿ ಅಂತ ಕೇಳಲಿಲ್ಲ. "ರಾತ್ರಿ ಊಟಕ್ಕೆ ಏನು ಮಾಡ್ತೀರಾ?" ಅಂದೆ. ಕ್ಯಾಂಟೀನ್ ಏಳಕ್ಕೆ ಮುಚ್ಚುತ್ತದೆ. ಅವರು ಇರುವುದು ಹನ್ನೊಂದರವರೆಗೆ. ತಿಂಡಿಯ ಯಂತ್ರ ಕೆಟ್ಟು ಎರಡು ತಿಂಗಳಾಗಿತ್ತು. ಅದರ ದೂರೂ ನನ್ನ ಮೇಜಿನಲ್ಲೇ ಇತ್ತು, ಮುಟ್ಟದೆ.

ಮರುದಿನ ಆ ತಂಡದ ಒಬ್ಬ ಹುಡುಗ ಬಂದ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ತಿಂದದ್ದು ತಾನು ಅಂದ. ಆರರಲ್ಲಿ ಐದು. ಇನ್ನೊಂದು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. "ಆ ಹೊತ್ತಿಗೂ ಡಬ್ಬಿ ಅಲ್ಲೇ ಇದೆ ಅಂದ್ರೆ ಅವರು ಮರೆತು ಹೋಗಿದ್ದಾರೆ, ನಾಳೆ ಹೇಗೂ ಎಸೀತಾರೆ ಅಂದ್ಕೊಂಡೆ ಮೇಡಂ. ತೊಳೆದಿಟ್ರೆ ತಪ್ಪಾಗಲ್ಲ ಅಂದ್ಕೊಂಡೆ." 1957ರಲ್ಲಿ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು ತಪ್ಪು ಮಾಡುವವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದರು. ಅದರಲ್ಲೊಂದು, ಇದರಿಂದ ಯಾರಿಗೂ ನಷ್ಟವಿಲ್ಲ ಅನ್ನುವುದು. ಅವರು ಬರೆದದ್ದು ದಾರಿ ತಪ್ಪಿದ ಹುಡುಗರ ಬಗ್ಗೆ. ನಮ್ಮ ಫ್ರಿಜ್ ಮುಂದೆಯೂ ಅದೇ ಮಾತು. ಹಾಲು ಹಾಕಿಕೊಂಡವರೂ ಅದನ್ನೇ ಹೇಳಿದ್ದರು, ಅಲ್ವಾ?

ಹಸಿವಾಗಿತ್ತು ಅನ್ನುವುದು ನನಗೆ ಅರ್ಥವಾಗುತ್ತದೆ. ಆದರೆ ಸರಿ ಅಂತ ನಾನು ಹೇಳಲಾರೆ. ಆ ಐದು ಡಬ್ಬಿಗಳಲ್ಲಿ ಒಂದು, ಬೆಳಿಗ್ಗೆ ಬೇಗ ಬರುವ ಒಬ್ಬರು ತಿಂಡಿಗೆ ಅಂತಲೇ ಹಿಂದಿನ ಸಂಜೆ ಇಟ್ಟು ಹೋದದ್ದು. ಅವರು ಅವತ್ತು ಹನ್ನೊಂದರವರೆಗೆ ಉಪವಾಸ ಇದ್ದರು. ಇದನ್ನು ಅವನಿಗೆ ಹೇಳಿದೆ. ತಲೆ ತಗ್ಗಿಸಿದ. ಐವರಿಗೂ ತಾನೇ ಹೋಗಿ ಹೇಳಿಕೊಂಡ. ಮೂವರು ಬೆನ್ನು ತಟ್ಟಿದರು, ಒಬ್ಬರು ಇನ್ನೂ ಅವನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಅದು ಅವರ ಹಕ್ಕು. ನಾನು ಎಲ್ಲೂ ದಾಖಲೆ ಮಾಡಲಿಲ್ಲ. ಮೊದಲ ಸಲಕ್ಕೆ ಮಾತು, ಎರಡನೇ ಸಲಕ್ಕೆ ಮೇಲಿನವರಿಗೆ ತಿಳಿಸುವುದು ಅಂತ ಅವನಿಗೂ ಉಳಿದವರಿಗೂ ಒಂದೇ ನಿಯಮ ಹೇಳಿದೆ. ಹೊಳೆ, ಹುಲ್ಲುಗಾವಲು, ಮೀನಿನ ಜಾಗಗಳನ್ನು ಊರಿನವರು ಒಟ್ಟಾಗಿ ಹೇಗೆ ಕಾಪಾಡಿಕೊಳ್ಳುತ್ತಾರೆ ಅಂತ ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಇದನ್ನೇ ಕಂಡಿದ್ದರು. ಬಹಳ ಕಾಲ ಬಾಳಿದ ಕಡೆಗಳಲ್ಲಿ ನಿಯಮ ಮಾಡುವುದರಲ್ಲಿ ಬಳಸುವವರ ಕೈಯಿತ್ತು, ಶಿಕ್ಷೆ ಚಿಕ್ಕದರಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು.

ಬದಲಾಯಿಸಿದ್ದು

ಮೊದಲ ಬದಲಾವಣೆ ಹಾಲು. ಈಗ ಕಚೇರಿಯೇ ತರಿಸುತ್ತದೆ. ಬಾಗಿಲಿನ ಕಪಾಟಿನಲ್ಲಿ ಹಸಿರು ಪಟ್ಟಿ ಅಂಟಿಸಿದ ಬಾಟಲಿಗಳು ಎಲ್ಲರಿಗೂ. ಸಭೆಯಲ್ಲಿ ಉಳಿದ ತಿಂಡಿಗೂ ಹಸಿರು ಪಟ್ಟಿ, ಮೇಲೆ ತಾರೀಕು. ಹಸಿರು ಇಲ್ಲದ್ದು ಯಾರದ್ದೋ ಒಬ್ಬರದ್ದು, ಅವರನ್ನು ಕೇಳದೆ ಮುಟ್ಟುವ ಹಾಗಿಲ್ಲ. ಇಷ್ಟರಿಂದಲೇ ಅರ್ಧಕ್ಕಿಂತ ಜಾಸ್ತಿ ಜಗಳ ಹೋಯಿತು.

ಎರಡನೆಯದು ಚಮಚದಿಂದ ಕಲಿತದ್ದು. ಆ ಮಧ್ಯಾಹ್ನ ಚಮಚ ಸಿಗದೆ ಪರದಾಡಿದ್ದು ನನ್ನ ಮನಸ್ಸಿನಲ್ಲಿ ಉಳಿದಿತ್ತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಒಂದು ಸಂಶೋಧನಾ ಸಂಸ್ಥೆಯವರು 70 ಟೀ ಚಮಚಗಳಿಗೆ ಗುಟ್ಟಾಗಿ ಗುರುತು ಹಾಕಿ ಐದು ತಿಂಗಳು ಲೆಕ್ಕ ಇಟ್ಟಿದ್ದರು. 2005ರಲ್ಲಿ ಅದು ಪ್ರಕಟವಾಯಿತು. 56 ಚಮಚ, ಅಂದರೆ 80% ಮಾಯ. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಲೆಕ್ಕ. ಎಲ್ಲರೂ ಬಳಸುವ ಕೋಣೆಗಳಲ್ಲಿ ಅರ್ಧದಷ್ಟು ಚಮಚಗಳು ಕಾಣೆಯಾಗಲು 42 ದಿನ ಸಾಕಾಯಿತು. ಒಂದೊಂದು ತಂಡಕ್ಕೆ ಸೇರಿದ ಕೋಣೆಗಳಲ್ಲಿ 77 ದಿನ ಬೇಕಾಯಿತು. ಅದನ್ನು ಓದಿದ ಮೇಲೆ ಫ್ರಿಜ್‌ನ ತಟ್ಟೆಗಳನ್ನು ವಿಭಾಗಗಳಿಗೆ ಹಂಚಿದೆವು. ಮೇಲಿನದು ಲೆಕ್ಕಪತ್ರ ಮತ್ತು ಆಡಳಿತ, ನಡುವಿನದು ವಿನ್ಯಾಸ, ಹೀಗೆ. ಹತ್ತು ಹನ್ನೆರಡು ಜನರ ತಟ್ಟೆಯಲ್ಲಿ ಯಾವ ಡಬ್ಬಿ ಯಾರದ್ದು ಅಂತ ಎಲ್ಲರಿಗೂ ಗೊತ್ತಿರುತ್ತದೆ.

ಔಷಧಿಗೆ, ಮಗುವಿಗೆ ಅಂತ ತೆಗೆದಿಟ್ಟ ಎದೆಹಾಲಿಗೆ ಮುಚ್ಚಳವಿರುವ ಬೇರೆ ಪೆಟ್ಟಿಗೆ ಇಟ್ಟೆವು. ಅದನ್ನು ಇಟ್ಟವರಲ್ಲದೆ ಇನ್ನೊಬ್ಬರು ತೆರೆಯುವ ಹಾಗಿಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಹೆಪ್ಪುಗಟ್ಟಬಾರದು. ಡಬ್ಬಿ ಹುಡುಕುವವರು ಅದನ್ನು ಹಿಂದಕ್ಕೆ, ತಣ್ಣನೆಯ ಗೋಡೆಗೆ ತಳ್ಳಿಬಿಟ್ಟರೆ ಔಷಧಿಯೇ ಕೆಟ್ಟುಹೋಗುತ್ತದೆ. ಒಳಗೆ ಒಂದು ಥರ್ಮಾಮೀಟರ್ ನೇತುಹಾಕಿದೆವು. ಪ್ಯಾಂಟ್ರಿಯ ಗೋಡೆಗೆ ಸಕ್ಕರೆ ಡಬ್ಬಿ ಮತ್ತು ಸರಪಣಿ ಕಟ್ಟಿದ ಒಂದು ಚಮಚ.

ಹೆಸರು ಬರೆಯಿರಿ ಅಂತ ಹಿಂದೆಯೂ ಹೇಳಿದ್ದೆ, ಯಾರೂ ಬರೆದಿರಲಿಲ್ಲ. ಬರೆಯಲು ಅಲ್ಲಿ ಏನೂ ಇರಲಿಲ್ಲ. ಈಗ ಫ್ರಿಜ್‌ನ ಹಿಡಿಕೆಗೆ ದಾರದಲ್ಲಿ ಮಾರ್ಕರ್ ಪೆನ್, ಪಕ್ಕದಲ್ಲಿ ಕಾಗದದ ಟೇಪು. ಮುಚ್ಚಳಕ್ಕೆ ಒಂದು ತುಂಡು ಅಂಟಿಸಿ ಹೆಸರು, ವಾರ ಬರೆಯಲು ಹತ್ತು ಸೆಕೆಂಡು. ಆ ದಾರ ಕಟ್ಟಿದ ಮೇಲೆ ಹತ್ತರಲ್ಲಿ ಎಂಟು ಡಬ್ಬಿಗೆ ಹೆಸರು ಬಂತು. ಶುಕ್ರವಾರ ಫ್ರಿಜ್ ಖಾಲಿ ಮಾಡುವಾಗ ಅಕ್ಕನ ಜೊತೆ ಸರದಿಯಂತೆ ಒಂದು ವಿಭಾಗದವರು ನಿಲ್ಲುತ್ತಾರೆ. ಏನು ಎಸೆದೆವು ಅಂತ ಅದೇ ನೋಟ್‌ಬುಕ್‌ನಲ್ಲಿ ಬರೆಯುವುದು ಆ ವಿಭಾಗದವರ ಕೆಲಸ. ತಡರಾತ್ರಿಯ ತಂಡಕ್ಕೆ ಏಳರ ಮೊದಲು ಕ್ಯಾಂಟೀನಿನಿಂದ ಊಟ ತೆಗೆದಿಡುವ ಏರ್ಪಾಡಾಯಿತು. ಯಂತ್ರವನ್ನೂ ರಿಪೇರಿ ಮಾಡಿಸಿದೆ. ಅದಕ್ಕೆ ಬೇಕಾಗಿದ್ದು ಒಂದು ಫೋನ್ ಕರೆ.

ಇನ್ನೂ ಉಳಿದಿರುವುದು

ಮುಂದಿನ ಎರಡು ತಿಂಗಳಲ್ಲಿ ನೋಟ್‌ಬುಕ್‌ಗೆ ಬಂದದ್ದು 4 ದೂರು. ಅದರಲ್ಲಿ ಎರಡು ಅದಲುಬದಲಾದ ಡಬ್ಬಿ. ಅದನ್ನು ತೆಗೆದವರೇ "ಕ್ಷಮಿಸಿ, ನಂದು ಅಂದ್ಕೊಂಡೆ" ಅಂತ ಕೆಳಗೆ ಬರೆದಿದ್ದರು. ಒಂದು ಬಾಟಲಿ ಜ್ಯೂಸ್ ಮಾತ್ರ ಯಾರು ಕುಡಿದರೋ ಗೊತ್ತಿಲ್ಲ. ಅದಕ್ಕಾಗಿ ನಾನು ಸಭೆ ಕರೆಯಲಿಲ್ಲ.

ಅಕ್ಕನ ವಿಷಯ ಮಾತ್ರ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಎಲ್ಲರೂ ಇದ್ದ ಸಭೆಯಲ್ಲಿ, ಅವತ್ತು ಆಡಿದ ಮಾತು ಸುಳ್ಳು, ಡಬ್ಬಿ ಕಂಡು ತೊಳೆದು ತಲುಪಿಸಿದವರೇ ಅವರು ಅಂತ ಹೇಳಿದೆ. ಸರ್ ಎದ್ದು ನಿಂತು ಅವರಿಗೆ ಕೈಮುಗಿದರು. ಆ ಮಾತು ಆಡಿದವರು ಆಮೇಲೆ ಒಬ್ಬರೇ ಹೋಗಿ ಕ್ಷಮೆ ಕೇಳಿದರಂತೆ. ಮೇಲಿನ ತಟ್ಟೆಯಲ್ಲಿ, ನನ್ನ ಡಬ್ಬಿಯ ಪಕ್ಕ, ಅವರ ಹೆಸರು ಬರೆದ ಟೇಪು ಅಂಟಿಸಿ ಜಾಗ ಬಿಟ್ಟಿದ್ದೇನೆ. ಎರಡು ಸಲ ಕರೆದು ತೋರಿಸಿದೆ. "ಆಯ್ತು ಮೇಡಂ, ಇಡ್ತೀನಿ" ಅಂದರು. ಮೂರು ತಿಂಗಳಾಯಿತು. ಆ ಜಾಗ ಖಾಲಿ ಇದೆ. ಅವರ ಊಟದ ಚೀಲ ಇನ್ನೂ ಪೊರಕೆಯ ಕಪಾಟಿನಲ್ಲೇ ಇದೆ.